ಕೈಗೆ ಸೇರುವ ಹಣ, ಕಾಗದದ ಮೇಲಿನ ಹಣ: ನಿರ್ಧಾರದ ಪ್ರಯೋಗಗಳಲ್ಲಿ ಎರಡರ ಹೋಲಿಕೆ

ಜನರು ಹೇಗೆ ನಿರ್ಧರಿಸುತ್ತಾರೆ ಎಂಬುದನ್ನು ಪ್ರಯೋಗದ ಮೂಲಕ ಅಳೆಯಲು ಹೊರಟವರಿಗೆ ಮೊದಲೇ ಎದುರಾಗುವ ಪ್ರಶ್ನೆಯೊಂದಿದೆ. ಭಾಗವಹಿಸಿದವರು ಆರಿಸಿಕೊಂಡ ಮೊತ್ತವನ್ನು ನಿಜವಾಗಿ ಕೊಡಬೇಕೋ, ಅಥವಾ ‘ಇಷ್ಟು ಸಿಗುತ್ತದೆಂದು ಭಾವಿಸಿ ಉತ್ತರಿಸಿ’ ಎಂದರೆ ಸಾಕೋ? ಪ್ರಾಯೋಗಿಕ ಅರ್ಥಶಾಸ್ತ್ರಜ್ಞರು ನಿಜವಾದ ಹಣವಿಲ್ಲದ ಫಲಿತಾಂಶವನ್ನು ಸಾಮಾನ್ಯವಾಗಿ ಅನುಮಾನದಿಂದಲೇ ನೋಡುತ್ತಾರೆ. ಮನೋವಿಜ್ಞಾನಿಗಳು ಕಾಲ್ಪನಿಕ ಮೊತ್ತವನ್ನೂ ಒಪ್ಪುತ್ತ ಬಂದಿದ್ದಾರೆ. ಒಂದೇ ಪ್ರಶ್ನಾವಳಿಯನ್ನು ಎರಡೂ ರೀತಿಯಲ್ಲಿ ನಡೆಸಿ ನೋಡಿದ ನನಗೆ ಈ ಎರಡೂ ನಿಲುವುಗಳು ಅರ್ಧ ಸರಿ ಎನಿಸಿವೆ. ಏನನ್ನು ಅಳೆಯುತ್ತಿದ್ದೇವೆ ಎಂಬುದನ್ನು ಬಿಟ್ಟು ವಿಧಾನವನ್ನಷ್ಟೇ ತೂಗಲು ಬರುವುದಿಲ್ಲ.

1979ರಲ್ಲಿ ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು, ಲಾಭಕ್ಕಿಂತ ಅಷ್ಟೇ ಗಾತ್ರದ ನಷ್ಟವೇ ಜನರಿಗೆ ಹೆಚ್ಚು ನಾಟುತ್ತದೆ ಎನ್ನುವ ‘ಪ್ರಾಸ್ಪೆಕ್ಟ್ ಸಿದ್ಧಾಂತ’ವನ್ನು ಮಂಡಿಸಿದ್ದು ಬಹುಮಟ್ಟಿಗೆ ಕಾಲ್ಪನಿಕ ಆಯ್ಕೆಗಳ ಆಧಾರದ ಮೇಲೆ. ಅದೇ ವರ್ಷ ಗ್ರೆದರ್ ಮತ್ತು ಪ್ಲಾಟ್ ಎಂಬ ಅರ್ಥಶಾಸ್ತ್ರಜ್ಞರು, ಮನೋವಿಜ್ಞಾನಿಗಳು ತೋರಿಸಿದ್ದ ಇನ್ನೊಂದು ವಿಚಿತ್ರವನ್ನು ನಿಜವಾದ ಹಣವಿಟ್ಟು ಪರೀಕ್ಷಿಸಿದರು. ಗೆಲ್ಲುವ ಸಾಧ್ಯತೆ ಹೆಚ್ಚಿರುವ ಸಣ್ಣ ಬಹುಮಾನದ ಪಂದ್ಯವನ್ನು ಆರಿಸಿಕೊಳ್ಳುವವರೇ, ಬೆಲೆ ಕಟ್ಟಲು ಹೇಳಿದಾಗ ದೊಡ್ಡ ಬಹುಮಾನದ ಪಂದ್ಯಕ್ಕೆ ಹೆಚ್ಚು ಬೆಲೆ ಕಟ್ಟುತ್ತಾರೆ ಎಂಬುದು ಆ ವಿಚಿತ್ರ. ಅದನ್ನು ಅಲ್ಲಗಳೆಯುವುದೇ ಅವರ ಉದ್ದೇಶವಾಗಿತ್ತು. ಹಣ ಕೊಟ್ಟರೂ ಅದು ಕರಗಲಿಲ್ಲ. ಹಣ ಬಂದ ಕೂಡಲೇ ಅಸಂಗತತೆ ಮಾಯವಾಗುತ್ತದೆ ಎನ್ನುವವರು ಈ ಉದಾಹರಣೆಯನ್ನು ಮರೆಯಬಾರದು.

ಅಪಾಯವನ್ನು ಎದುರಿಸುವ ಮನೋಭಾವದ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಹೋಲ್ಟ್ ಮತ್ತು ಲೌರಿ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹತ್ತು ಸಾಲುಗಳ ಪಟ್ಟಿಯಿತ್ತು, ಪ್ರತಿ ಸಾಲಿನಲ್ಲೂ ಎರಡು ಲಾಟರಿಗಳಲ್ಲಿ ಒಂದನ್ನು ಆರಿಸಬೇಕಿತ್ತು: ಒಂದು ಕಡೆ 2 ಡಾಲರ್ ಅಥವಾ 1.60 ಡಾಲರ್ ಸಿಗುವ ಸುರಕ್ಷಿತ ಲಾಟರಿ, ಇನ್ನೊಂದು ಕಡೆ 3.85 ಡಾಲರ್ ಅಥವಾ ಬರೀ 10 ಸೆಂಟ್ ಸಿಗುವ ಲಾಟರಿ, ಮತ್ತು ಸಾಲಿನಿಂದ ಸಾಲಿಗೆ ಏರುವ ದೊಡ್ಡ ಬಹುಮಾನದ ಸಾಧ್ಯತೆ. ಮೊತ್ತವನ್ನು 20, 50, 90 ಪಟ್ಟು ಏರಿಸಿ ನಿಜವಾಗಿ ಪಾವತಿಸಿದಾಗ ಜನರು ಸುರಕ್ಷಿತ ಲಾಟರಿಗೆ ಹೆಚ್ಚು ಹೆಚ್ಚಾಗಿ ಅಂಟಿಕೊಂಡರು. ಕಾಗದದ ಮೇಲೆ ಮಾತ್ರ ಏರಿಸಿದಾಗ ಅವರ ಆಯ್ಕೆ ಹೆಚ್ಚುಕಡಿಮೆ ಇದ್ದಲ್ಲಿಯೇ ಉಳಿಯಿತು. ಇದೇ ಬಗೆಯ ಪಟ್ಟಿಯನ್ನು ಕೊಟ್ಟು ನೋಡಿದಾಗ ನನಗೆ ಕಂಡದ್ದೂ ಇದಕ್ಕೆ ಹತ್ತಿರವಾಗಿತ್ತು. ಸಣ್ಣ ಮೊತ್ತದಲ್ಲಿ ಎರಡು ಗುಂಪುಗಳನ್ನು ಬೇರ್ಪಡಿಸುವುದೇ ಕಷ್ಟ. ಮೊತ್ತ ದೊಡ್ಡದಾದಾಗ ಮಾತ್ರ, ಹಣ ಕೈಗೆ ಸೇರುತ್ತದೆಂದು ತಿಳಿದವರು ಮೊದಲು ಗುರುತಿಸಿದ ಸಾಲಿಗೆ ಮರಳಿ ಹೋಗಿ ಉತ್ತರವನ್ನು ತಿದ್ದುತ್ತಿದ್ದರು. ಕಾಲ್ಪನಿಕ ಗುಂಪಿನವರು ಹಾಳೆಯನ್ನು ಒಂದೇ ಓಟದಲ್ಲಿ ಮುಗಿಸಿ ಕೊಡುತ್ತಿದ್ದರು. ದೊಡ್ಡ ಮೊತ್ತದ ಅಪಾಯವನ್ನು ಅಳೆಯುವವರು ಹಣವನ್ನು ಹೊಂದಿಸಿಕೊಂಡೇ ಹೊರಡಬೇಕು ಎಂಬುದು ನನ್ನ ಅಭಿಪ್ರಾಯ.

ಕಾಯುವಿಕೆಯ ಪ್ರಶ್ನೆಗಳಲ್ಲಿ ನನ್ನ ಒಲವು ತದ್ವಿರುದ್ಧ. ಇಂದು ಸಿಗುವ ಚಿಕ್ಕ ಮೊತ್ತವೋ, ತಿಂಗಳುಗಳ ನಂತರ ಸಿಗುವ ದೊಡ್ಡ ಮೊತ್ತವೋ ಎಂದು ಕೇಳುವ ಪ್ರಯೋಗಗಳಲ್ಲಿ ಜಾನ್ಸನ್ ಮತ್ತು ಬಿಕೆಲ್ 2002ರಲ್ಲಿ ಅದೇ ವ್ಯಕ್ತಿಗಳ ನೈಜ ಮತ್ತು ಕಾಲ್ಪನಿಕ ಆಯ್ಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕ್ರಮಬದ್ಧವಾದ ವ್ಯತ್ಯಾಸ ಸಿಗಲಿಲ್ಲ. ಅವರ ಭಾಗಿಗಳ ಸಂಖ್ಯೆ ತೀರಾ ಚಿಕ್ಕದಾಗಿತ್ತು ಎಂಬ ಆಕ್ಷೇಪ ನ್ಯಾಯವೇ, ಆದರೆ ನಂತರದ ಹಲವು ಅಧ್ಯಯನಗಳೂ ಅದೇ ದಿಕ್ಕಿನಲ್ಲಿವೆ. ಇದಕ್ಕಿಂತ ಮುಖ್ಯವಾದ ತೊಡಕು ನಿಜವಾದ ಪಾವತಿಯೊಳಗೇ ಇದೆ. ಇಂದಿನ ಹಣ ಎದುರಿನ ಮೇಜಿನ ಮೇಲಿರುತ್ತದೆ, ಮೂರು ತಿಂಗಳ ನಂತರದ ಹಣ ಸಂಶೋಧಕರ ಮಾತಿನ ಮೇಲೆ ನಿಂತಿರುತ್ತದೆ. ಆಯ್ಕೆಯ ಕಾರಣವನ್ನು ಕೇಳಿದಾಗ, ‘ಆಮೇಲೆ ನಿಮ್ಮನ್ನು ಎಲ್ಲಿ ಹುಡುಕಲಿ?’ ಎಂಬ ಅರ್ಥದ ಉತ್ತರಗಳು ನೈಜ ಗುಂಪಿನಿಂದಲೇ ಬಂದವು, ಕಾಲ್ಪನಿಕ ಗುಂಪಿನಿಂದಲ್ಲ. ಹಾಗಾದರೆ ಅಲ್ಲಿ ಅಳತೆಗೆ ಸಿಕ್ಕಿದ್ದು ತಾಳ್ಮೆಯೋ, ನಮ್ಮ ಮೇಲಿನ ಅಪನಂಬಿಕೆಯೋ? ಎರಡೂ ಪಾವತಿಗಳನ್ನು ಮುಂದಕ್ಕೆ ಹಾಕಿ, ಒಂದನ್ನು ಒಂದು ತಿಂಗಳಿಗೆ, ಇನ್ನೊಂದನ್ನು ನಾಲ್ಕು ತಿಂಗಳಿಗೆ ನಿಗದಿಮಾಡಿದರೆ ಈ ದೋಷ ತಕ್ಕಮಟ್ಟಿಗೆ ತಗ್ಗುತ್ತದೆ; ಆದರೆ ಆಗ ‘ಈಗಲೇ’ ಎಂಬುದರ ಸೆಳೆತವನ್ನು ಅಳೆಯುವ ಅವಕಾಶವೇ ಕೈತಪ್ಪುತ್ತದೆ. ಇಪ್ಪತ್ತೈದು ವರ್ಷಗಳ ವಿಳಂಬವನ್ನಂತೂ ಯಾರೂ ನಿಜವಾಗಿ ಪಾವತಿಸಿ ಪರೀಕ್ಷಿಸಲಾರರು.

ಔದಾರ್ಯದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಕಾಲ್ಪನಿಕ ವಿಧಾನ ಇಲ್ಲಿ ಸೋಲುತ್ತದೆ. ಸಿಕ್ಕ ಹಣದಲ್ಲಿ ಅಪರಿಚಿತರಿಗೆ ಎಷ್ಟು ಕೊಡುವಿರಿ ಎಂದು ಕೇಳಿದರೆ ಬಾಯಿಮಾತಿನಲ್ಲಿ ಎಲ್ಲರೂ ಕರ್ಣರೇ. 1994ರಲ್ಲಿ ಫೋರ್ಸೈತ್ ಮತ್ತು ಸಹಸಂಶೋಧಕರು ತೋರಿಸಿದಂತೆ, ನಿಜವಾದ ಹಣ ಬಂದಾಗ ಹಂಚಿಕೆ ಬಿಗಿಯಾಗುತ್ತದೆ. ಪರಿಸರ ರಕ್ಷಣೆಗೆ ಎಷ್ಟು ತೆರಲು ಸಿದ್ಧರಿದ್ದೀರಿ ಎಂಬ ಸಮೀಕ್ಷೆಗಳದ್ದೂ ಇದೇ ಕಥೆ: 1989ರಲ್ಲಿ ಅಲಾಸ್ಕಾ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಆದ ತೈಲ ಸೋರಿಕೆಯ ನಂತರ ಇಂಥ ಉತ್ತರಗಳನ್ನು ಪರಿಹಾರದ ಲೆಕ್ಕಕ್ಕೆ ನಂಬಬಹುದೇ ಎಂಬ ವಿವಾದ ಎದ್ದು, ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿ 1993ರಲ್ಲಿ ಕಟ್ಟುನಿಟ್ಟಾದ ಷರತ್ತುಗಳನ್ನು ವಿಧಿಸಬೇಕಾಯಿತು.

ನೈಜ ಮತ್ತು ಕಾಲ್ಪನಿಕ ಪಾವತಿಗಳ ನಡುವೆ ಮೂರನೆಯ ದಾರಿಯೂ ಇದೆ: ಎಲ್ಲ ಪ್ರಶ್ನೆಗಳಿಗೂ ಉತ್ತರ ಪಡೆದು, ಕೊನೆಗೆ ಚೀಟಿ ಎತ್ತಿ ಬಂದ ಒಂದೇ ಪ್ರಶ್ನೆಗೆ ಹಣ ಕೊಡುವುದು. ಖರ್ಚು ಮತ್ತು ಗಂಭೀರತೆ ಎರಡನ್ನೂ ತೂಗಿದರೆ ನನಗೆ ಹಿಡಿಸಿದ್ದು ಇದೇ, ಒಂದು ಷರತ್ತಿನೊಂದಿಗೆ. ಪ್ರತಿಯೊಬ್ಬರಿಗೂ ಒಂದೊಂದು ಪ್ರಶ್ನೆಗೆ ಪಾವತಿಸಬೇಕು. ಇಡೀ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಕೊಟ್ಟಾಗ ಉಳಿದವರ ಗಮನ ಕಾಲ್ಪನಿಕ ಗುಂಪಿನವರಷ್ಟೇ ಸಡಿಲವಾಗಿದ್ದುದನ್ನು ಕಂಡಿದ್ದೇನೆ. ಹಣದ ಇನ್ನೊಂದು ಉಪಯೋಗವೂ ಇಲ್ಲಿಯೇ ಕಾಣುತ್ತದೆ. ಕ್ಯಾಮರರ್ ಮತ್ತು ಹೋಗಾರ್ತ್ 1999ರಲ್ಲಿ 74 ಅಧ್ಯಯನಗಳನ್ನು ಪರಿಶೀಲಿಸಿ ಗುರುತಿಸಿದಂತೆ, ಹಣವು ಸರಾಸರಿಯನ್ನು ಅನೇಕ ವೇಳೆ ಬದಲಿಸದಿದ್ದರೂ ಉತ್ತರಗಳ ಚದುರುವಿಕೆಯನ್ನು ತಗ್ಗಿಸುತ್ತದೆ.

ನಷ್ಟದ ವಿಷಯದಲ್ಲಿ ಮಾತ್ರ ಯಾವ ವಿಧಾನವೂ ನನಗೆ ಪೂರ್ತಿ ತೃಪ್ತಿ ಕೊಟ್ಟಿಲ್ಲ. ಭಾಗಿಗಳ ಸ್ವಂತ ಜೇಬಿನಿಂದ ಹಣ ಕೀಳಲು ನೈತಿಕ ಸಮಿತಿಗಳು ಒಪ್ಪುವುದಿಲ್ಲ, ಒಪ್ಪಲೂಬಾರದು. ಮೊದಲು ಹಣ ಕೊಟ್ಟು ನಂತರ ಅದರಿಂದಲೇ ಕಳೆದರೆ, ಪುಕ್ಕಟೆ ಬಂದದ್ದು ಹೋಯಿತೆಂಬ ಧೈರ್ಯದಲ್ಲಿ ಅವರು ಆಡುತ್ತಾರೆ. ಕಾಲ್ಪನಿಕ ನಷ್ಟಕ್ಕೆ ಗಾತ್ರವಿರುತ್ತದೆ, ಕುಟುಕಿರುವುದಿಲ್ಲ. ಬೇಸರದ ಕೆಲಸವೊಂದನ್ನು ಮಾಡಿಸಿ ಅದರ ಕೂಲಿಯಾಗಿ ಹಣ ಕೊಟ್ಟು, ಕೆಲವು ದಿನ ಬಿಟ್ಟು ಮತ್ತೆ ಕರೆಸಿ ಪ್ರಶ್ನೆ ಕೇಳುವುದು ಇದ್ದುದರಲ್ಲಿ ಮೇಲು. ಆದರೆ ಎರಡನೆಯ ಸಲ ಬರದೇ ಉಳಿಯುವವರು ಬಹುಶಃ ಕಳೆದುಕೊಳ್ಳಲು ಹೆಚ್ಚು ಅಂಜುವವರೇ ಆಗಿರುವುದರಿಂದ, ಅಲ್ಲಿ ಬರುವ ಅಂಕಿಗಳನ್ನೂ ನಾನು ಎಚ್ಚರದಿಂದಲೇ ಓದುತ್ತೇನೆ.