ಸುಣ್ಣಕಲ್ಲಿನ ನಾಡಿನ ಪ್ರವಾಹ ಲೆಕ್ಕ: ತುಮಕೂರಿನ ಎರಡು ದಿನದ ತರಬೇತಿ ಹೇಗಿತ್ತು?

ಮಳೆಯ ಪ್ರಮಾಣದಿಂದ ನದಿಯ ಪ್ರವಾಹವನ್ನು ಅಂದಾಜಿಸುವುದನ್ನು ಕಲಿಸುವ ಎರಡು ದಿನದ ತರಬೇತಿಯೊಂದಕ್ಕೆ ತುಮಕೂರಿನಲ್ಲಿ ಹೋಗಿದ್ದೆ. ಅಮೆರಿಕದ ಸೇನಾ ಎಂಜಿನಿಯರುಗಳ ವಿಭಾಗ ಉಚಿತವಾಗಿ ಕೊಡುವ ಎಚ್‌ಇಸಿ-ಎಚ್‌ಎಂಎಸ್ ತಂತ್ರಾಂಶದಲ್ಲೇ ಎಲ್ಲ ಅಭ್ಯಾಸವೂ ನಡೆಯಿತು.

ಮೊದಲ ದಿನ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯನ್ನು ತೆಗೆದುಕೊಂಡರು. ನಮ್ಮದು ಗಟ್ಟಿ ಕಲ್ಲಿನ ನೆಲವಾದ್ದರಿಂದ ಗುಡ್ಡದ ನೆತ್ತಿಯ ಗೆರೆಯೇ ಜಲಾನಯನದ, ಅಂದರೆ ನದಿಗೆ ನೀರು ಹರಿದು ಬರುವ ಪ್ರದೇಶದ, ಗಡಿ. ಕೆರೆಗಳನ್ನು ಕೋಡಿಯ ಮಟ್ಟದೊಂದಿಗೆ ಸೇರಿಸಿಕೊಂಡರೆ ಲೆಕ್ಕ ಹೆಚ್ಚು ತಕರಾರಿಲ್ಲದೆ ಸಾಗುತ್ತದೆ.

ಎರಡನೆಯ ದಿನಕ್ಕಾಗಿಯೇ ನಾನು ಹೋಗಿದ್ದು. ಬೋಧಕರು ಒಡೆದ ಶಹಾಬಾದ್ ಕಲ್ಲಿನ ಚೂರೊಂದನ್ನು ಮೇಜಿನ ಮೇಲಿಟ್ಟು ನಾಲ್ಕು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರು. ಕಲ್ಲು ಬುಸುಗುಟ್ಟಿ ನೊರೆಯೆದ್ದಿತು. ಮನೆಯ ನೆಲಕ್ಕೆ ಹಾಸಿಕೊಂಡ ಕಲ್ಲು ಸುಣ್ಣಕಲ್ಲೆಂದು ಅಲ್ಲಿದ್ದ ಹಲವರಿಗೆ ಆಗಲೇ ಹೊಳೆದದ್ದು. ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾದ ಮಳೆನೀರು ಇಂಥ ಕಲ್ಲಿನ ಬಿರುಕುಗಳನ್ನು ಸಾವಿರಾರು ವರ್ಷ ಕರಗಿಸಿ ಸುರಂಗಗಳನ್ನೇ ಮಾಡುತ್ತದೆ. ಆದ್ದರಿಂದ ಒಂದು ಕಣಿವೆಯಲ್ಲಿ ಇಂಗಿದ ನೀರು ನೆತ್ತಿಯ ಗೆರೆಯನ್ನು ಲೆಕ್ಕಿಸದೆ ಪಕ್ಕದ ಕಣಿವೆಯ ಬುಗ್ಗೆಯಲ್ಲಿ ಏಳಬಹುದು. ಗಡಿ ಯಾವುದೆಂದು ತಿಳಿಯಲು ನೀರಿಗೆ ಬಣ್ಣ ಬಿಟ್ಟು ನೋಡಬೇಕೇ ಹೊರತು ನಕಾಶೆಯನ್ನು ನಂಬಿ ಕೂರುವಂತಿಲ್ಲ.

ಮಣ್ಣು ಮತ್ತು ನೆಲದ ಬಳಕೆಗೆ ತಕ್ಕ ಒಂದು ಸಂಖ್ಯೆಯಿಂದ ಮಳೆಯಲ್ಲಿ ಎಷ್ಟು ಹರಿಯುತ್ತದೆಂದು ಅಂದಾಜಿಸುವ ಕರ್ವ್ ನಂಬರ್ ವಿಧಾನದಲ್ಲಿ ಆ ಸಂಖ್ಯೆ 75 ಎಂದಿಟ್ಟುಕೊಂಡರೆ 100 ಮಿಲಿಮೀಟರ್ ಮಳೆಯಲ್ಲಿ ಸುಮಾರು 41 ಮಿಲಿಮೀಟರ್ ಹರಿದು ಹೋಗುತ್ತದೆ. ಸುಣ್ಣಕಲ್ಲಿನ ನೆಲದಲ್ಲಿ ಆ 41 ಮಿಲಿಮೀಟರ್ ನೀರು, ಸುರಂಗಗಳು ಖಾಲಿಯಿದ್ದಾಗ ಕಾಣೆಯಾಗಬಹುದು, ಅವು ತುಂಬಿ ಉಕ್ಕಿದಾಗ ನೀರನ್ನು ಒಳಗೆಳೆದುಕೊಳ್ಳುವ ನುಂಗುಗುಂಡಿಗಳಿಂದಲೇ ವಾಪಸು ಬರಬಹುದು. ಇದಕ್ಕಾಗಿ ಅಂತರ್ಜಲವನ್ನು ಬೇಗ ಖಾಲಿಯಾಗುವ ವೇಗದ ಒಂದು, ಮೆಲ್ಲಗೆ ಖಾಲಿಯಾಗುವ ನಿಧಾನದ ಇನ್ನೊಂದು ತೊಟ್ಟಿಯೆಂದು ಭಾವಿಸಿ ಲೆಕ್ಕ ಕಟ್ಟುವುದನ್ನು ತೋರಿಸಿದರು. ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ಉಪಯೋಗವಾದದ್ದು ಈ ಒಂದೂವರೆ ಗಂಟೆ.

ಕೊರತೆಯೂ ಅಲ್ಲಿಯೇ ಕಂಡಿತು. ಅಭ್ಯಾಸಕ್ಕೆ ಕೊಟ್ಟದ್ದು ದಿನವಾರು ಮಳೆಯ ಅಂಕಿಗಳು; ಕೆಲವೇ ಗಂಟೆಗಳಲ್ಲಿ ಏರಿ ಇಳಿಯುವ ಬುಗ್ಗೆಯ ಉಬ್ಬರ ಅದರಲ್ಲಿ ಸವೆದುಹೋಗಿ, ವೇಗದ ತೊಟ್ಟಿಗೆ ಕೆಲಸವೇ ಇರಲಿಲ್ಲ. ಇದನ್ನು ಕೇಳಿದಾಗ ಬೋಧಕರು ಒಪ್ಪಿಕೊಂಡರಾದರೂ ಸಮಯ ಮುಗಿದಿತ್ತು. ಬೆಳಗಿನ ತಟ್ಟೆ ಇಡ್ಲಿಯ ಬಗ್ಗೆ ಮಾತ್ರ ದೂರಿಲ್ಲ.

ಜಯಮಂಗಲಿ, ಶಿಂಷಾಗಳಂಥ ನದಿಗಳಲ್ಲಷ್ಟೇ ಕೆಲಸ ಮಾಡುವವರಿಗೆ ಮೊದಲ ದಿನ ಸಾಕು. ಸೇಡಂ ಕಡೆಯ ಕಾಗಿಣಾದಂಥ ಸುಣ್ಣಕಲ್ಲಿನ ಸೀಮೆಯ ನದಿಗಳ ಕೆಲಸ ಹಿಡಿದವರು ಹಣ ಕಟ್ಟುವ ಮೊದಲು ಗಂಟೆವಾರು ಅಂಕಿಗಳು ಸಿಗುತ್ತವೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.