ಕಾರಿನ ಸೀಟು, ಕಾರ್ಪೆಟ್ ತೊಳೆಯುವ ಮೆಷಿನ್ ಕೊಳ್ಳುವ ಮುನ್ನ: ಒಂದು ಎಚ್ಚರಿಕೆ

ಹಿಂದಿನ ಸೀಟಿನಲ್ಲಿ ಹಾಲು ಚೆಲ್ಲಿದ್ದ ಕಾರು ಅದು. ಮನೆಯ ಹಾಲ್‌ಗಳಲ್ಲಿ ಹಾಸುವ ದೊಡ್ಡ ಕಾರ್ಪೆಟ್ ತೊಳೆಯಲು ಮಾಡಿದ ಮೆಷಿನ್ ತಂದು ಒಳಗೆಲ್ಲ ಬಿಸಿನೀರು ಹೊಡೆದರು. ಸಂಜೆಗೆ ಸೀಟು, ಕಾರ್ಪೆಟ್ ಹೊಸದರ ಹಾಗೆ ಕಂಡವು. ನಾಲ್ಕನೆಯ ದಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಬೆಳಗಾದರೆ ಗಾಜಿನ ಒಳಮೈಯಲ್ಲಿ ಮಂಜು. ಕಾರ್ಪೆಟ್ ಮುಟ್ಟಿದರೆ ಒಣಗಿದೆ. ಆದರೆ ಹಿಮ್ಮಡಿ ಊರುವ ಜಾಗದಲ್ಲಿ ಟಿಶ್ಯೂ ಕಾಗದ ಇಟ್ಟು ಮೈಭಾರ ಹಾಕಿ ಒತ್ತಿದರೆ ಕಾಗದ ತೊಯ್ದು ಬರುತ್ತಿತ್ತು. ಬಾಗಿಲಿನ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಅಂಚು ಎತ್ತಿ ನೋಡಿದಾಗ ಅಡಿಯ ಫೋಮ್ ನೀರು ಕುಡಿದು ಭಾರವಾಗಿತ್ತು. ಹಿಂಡಿದರೆ ಹುಳಿ ವಾಸನೆಯ ಕಂದು ನೀರು. ಅಷ್ಟರಲ್ಲಿ ಏರ್‌ಬ್ಯಾಗ್ ದೀಪವೂ ಹೊತ್ತಿಕೊಂಡಿತ್ತು.

ತೊಳೆದವರು ಸೋಮಾರಿತನ ಮಾಡಿರಲಿಲ್ಲ. ಮೆಷಿನ್ ಆಯ್ಕೆಯೇ ತಪ್ಪಿತ್ತು. ಈಗ ಕೊಳ್ಳಲು ಹೊರಟವರೂ ಅದೇ ತಪ್ಪು ಮಾಡುತ್ತಾರೆ: ಎಷ್ಟು ಜೋರಾಗಿ ನೀರು ಹೊಡೆಯುತ್ತದೆ ಎಂದು ನೋಡುತ್ತಾರೆ, ಹೊಡೆದ ನೀರನ್ನು ಎಷ್ಟು ವಾಪಸ್ ಎಳೆಯುತ್ತದೆ ಎಂದು ನೋಡುವುದಿಲ್ಲ.

ಕಾರಿನ ನೆಲವನ್ನು ಮನೆಯ ನೆಲ ಎಂದುಕೊಳ್ಳಬೇಡಿ. ಮೇಲೆ ತೆಳ್ಳನೆಯ ಕಾರ್ಪೆಟ್, ಅದರಡಿ ಶಬ್ದ ತಡೆಯಲು ದಪ್ಪ ಫೋಮ್ ಅಥವಾ ಫೆಲ್ಟ್, ಅದರಡಿ ಉಕ್ಕಿನ ತಗಡು. ತಗಡಿನ ತೂತುಗಳನ್ನು ರಬ್ಬರ್ ಬಿರಡೆ ಹಾಕಿ ಮುಚ್ಚಿರುತ್ತಾರೆ, ಹಾಗಾಗಿ ಇಳಿದ ನೀರು ಹೊರಗೆ ಹೋಗಲು ದಾರಿಯಿಲ್ಲ. ಅದೇ ಜಾಗದಲ್ಲಿ ವೈರಿಂಗ್ ಹಾದುಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಕಂಟ್ರೋಲ್ ಯೂನಿಟ್‌ಗಳೂ ಸೀಟಿನ ಕೆಳಗೇ ಇರುತ್ತವೆ. ಸೀಟಿನಡಿ ಕಾಣುವ ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್ ಬಿಗಿಸುವ ಸಾಧನದ್ದು. ಅದಕ್ಕೆ ನೀರು ಹೊಕ್ಕರೆ ಪಿನ್‌ಗಳು ಹಸಿರುಗಟ್ಟುತ್ತವೆ, ದೀಪ ಹೊತ್ತುತ್ತದೆ.

ನೀರು ಹೊಡೆದು ಕೊಳೆಯ ಸಮೇತ ವಾಪಸ್ ಎಳೆಯುವ ಮೆಷಿನ್‌ಗೆ ಎಕ್ಸ್‌ಟ್ರಾಕ್ಟರ್ ಎನ್ನುತ್ತಾರೆ. ದೊಡ್ಡ ಕಾರ್ಪೆಟ್‌ಗೆಂದೇ ಮಾಡಿದ ಎಕ್ಸ್‌ಟ್ರಾಕ್ಟರ್‌ಗಳಲ್ಲಿ ಪಂಪಿನ ಒತ್ತಡ 200ರಿಂದ 500 ಪಿಎಸ್‌ಐ (ಒತ್ತಡದ ಅಳತೆ) ತನಕ ಇರುತ್ತದೆ. ಸೀಟಿನ ಬಟ್ಟೆಗೆ 50-60 ಪಿಎಸ್‌ಐ ಧಾರಾಳ, ಕಾರಿನ ಕಾರ್ಪೆಟ್‌ಗೆ 100-120 ದಾಟಬೇಕಿಲ್ಲ. ಅದಕ್ಕೂ ಮೀರಿದರೆ ನೀರು ಕೊಳೆಯನ್ನು ಮೇಲೆ ತರುವ ಬದಲು ಕೊಳೆಯ ಸಮೇತ ಫೋಮ್‌ಗೆ ಇಳಿಯುತ್ತದೆ. ಒತ್ತಡ ತಗ್ಗಿಸುವ ನಾಬ್ ಇಲ್ಲದ ಮೆಷಿನ್ ಎಷ್ಟೇ ಒಳ್ಳೆಯದಿದ್ದರೂ ಕಾರಿಗೆ ಬೇಡ. ಕಾರಿನ ಹೊರಮೈ ತೊಳೆಯುವ ಪ್ರೆಷರ್ ವಾಷರ್ ಅನ್ನು ಒಳಗೆ ತೂರಿಸುವವರೂ ಇದ್ದಾರೆ. ದಯವಿಟ್ಟು ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಬಿಚ್ಚಿ ತೆಗೆದ ರಬ್ಬರ್ ಮ್ಯಾಟ್‌ಗಷ್ಟೇ ಅದು.

ಇನ್ನು ಎಳೆಯುವ ಶಕ್ತಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ಸಂಖ್ಯೆ ಮೋಟಾರ್ ಎಷ್ಟು ಕರೆಂಟು ತಿನ್ನುತ್ತದೆ ಎಂಬುದನ್ನು ಹೇಳುತ್ತದೆ, ಎಷ್ಟು ಎಳೆಯುತ್ತದೆ ಎಂಬುದನ್ನಲ್ಲ. ನೋಡಬೇಕಾದದ್ದು ಎರಡು: ಇಂಚು ಅಥವಾ ಕಿಲೋಪಾಸ್ಕಲ್‌ನಲ್ಲಿ ಹೇಳುವ ವಾಟರ್ ಲಿಫ್ಟ್ (ಕೊಳವೆಯಲ್ಲಿ ನೀರನ್ನು ಎಷ್ಟು ಎತ್ತರಕ್ಕೆ ಎಳೆಯಬಲ್ಲದು ಎಂಬ ಅಳತೆ), ಮತ್ತು ಗಾಳಿಯ ಹರಿವು. ವಾಟರ್ ಲಿಫ್ಟ್ 100 ಇಂಚು, ಅಂದರೆ ಸುಮಾರು 25 ಕಿಲೋಪಾಸ್ಕಲ್ ಇದ್ದರೆ ಸೀಟಿನ ಫೋಮ್‌ನಿಂದ ನೀರು ಚೆನ್ನಾಗಿ ಮೇಲೆ ಬರುತ್ತದೆ. ಎರಡೂ ಸಂಖ್ಯೆ ಕೊಡದ ಮೆಷಿನ್ ಇದ್ದರೆ ಪರೀಕ್ಷೆ ಮಾಡಿಸಿ ನೋಡಿ. ಅಳೆದು ಒಂದು ಲೀಟರ್ ನೀರು ತುಂಬಿಸಿ, ಹಳೆಯ ಸೀಟಿನ ಮೇಲೆ ಪೂರ್ತಿ ಹೊಡೆದು ಎಳೆಸಿ, ಕೊಳೆ ಟ್ಯಾಂಕಿಗೆ ಬಂದದ್ದನ್ನು ಅಳೆಯಿರಿ. ಮುಕ್ಕಾಲು ಲೀಟರಾದರೂ ಬರದಿದ್ದರೆ ಬಿಟ್ಟುಬಿಡಿ.

ನಾಜಲ್ ಬಗ್ಗೆ ಯಾರೂ ಕೇಳುವುದಿಲ್ಲ, ಅರ್ಧ ಕೆಲಸ ಇರುವುದು ಅಲ್ಲೇ. ಹತ್ತು ಸೆಂಟಿಮೀಟರ್ ಅಗಲದ, ಮೇಲೆ ಪಾರದರ್ಶಕ ಕಿಟಕಿ ಇರುವ ಕೈ ನಾಜಲ್ ಬೇಕು. ಕಿಟಕಿಯಲ್ಲಿ ನೀರು ಓಡುವುದು ಕಾಣುತ್ತದೆ: ಮೊದಲು ಕಪ್ಪು, ಆಮೇಲೆ ಬೂದು, ಆಮೇಲೆ ತಿಳಿ, ಕೊನೆಗೆ ಅಲ್ಲೊಂದು ಇಲ್ಲೊಂದು ಹನಿ. ಹನಿ ನಿಲ್ಲುವ ತನಕ ಅದೇ ಜಾಗದಲ್ಲಿ ಎಳೆಯುತ್ತಿರಿ. ನೀರು ಬಿಟ್ಟು ಒಂದು ಸಲ ಎಳೆದರೆ, ನೀರು ಬಿಡದೆ ಕನಿಷ್ಠ ಮೂರು ಸಲ ಎಳೆಯಬೇಕು. ಅಗಲದ ನಾಜಲ್ ಸೀಟಿನ ಉಬ್ಬುತಗ್ಗಿಗೆ ಕೂರುವುದಿಲ್ಲ, ಒಂದು ಕಡೆ ಸಂದು ಬಿಟ್ಟರೆ ಅಲ್ಲಿಂದ ಬರಿ ಗಾಳಿ ಹೋಗುತ್ತದೆ, ನೀರು ಸೀಟಿನಲ್ಲೇ ಉಳಿಯುತ್ತದೆ.

ಸ್ಟೀಮ್ ಮೆಷಿನ್ ಇದ್ದರೆ ಎಲ್ಲ ಆಯಿತು ಎಂಬ ಮಾತಿಗೆ ಮರುಳಾಗಬೇಡಿ. ಅದು ಕೊಳೆಯನ್ನು ಸಡಿಲಿಸುತ್ತದೆ, ಎತ್ತಿಕೊಳ್ಳುವುದಿಲ್ಲ. ಹಿಂದೆಯೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಬೇಕು ಅಥವಾ ವ್ಯಾಕ್ಯೂಮ್‌ನಲ್ಲಿ ಎಳೆಯಬೇಕು. 4 ಬಾರ್ ಒತ್ತಡದ ಬಾಯ್ಲರ್ ಒಳಗಿನ ಉಷ್ಣತೆ 150 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನಾಜಲ್ ದಾಟಿದೊಡನೆ ಅದು ಬಹಳ ಇಳಿಯುತ್ತದೆ ನಿಜ, ಆದರೂ ಚಾವಣಿಯ ಬಟ್ಟೆಯ ಅಂಟು ಸಡಿಲಾಗಲು ಅಷ್ಟು ಸಾಕು. ಒಮ್ಮೆ ಜೋತುಬಿದ್ದ ಚಾವಣಿ ಬಟ್ಟೆಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಅಂಟಿಸದೆ ಬೇರೆ ದಾರಿಯಿಲ್ಲ. ಹಾಲು, ಮೊಟ್ಟೆ, ರಕ್ತದ ಕಲೆಗೂ ಬಿಸಿ ತಗಲಬಾರದು, ಪ್ರೋಟೀನ್ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ಇವಕ್ಕೆ ತಣ್ಣೀರು, ಎನ್ಜೈಮ್ ಇರುವ ಕ್ಲೀನರ್. ಮೇಲೆ ಹೇಳಿದ ಕಾರಿನಲ್ಲಿ ಬಿಸಿನೀರು ಹೊಡೆದದ್ದು ಎರಡನೆಯ ತಪ್ಪು.

ಸೋಪಿನ ವಿಷಯದಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುವುದನ್ನು ನಿಲ್ಲಿಸಿ. ನೊರೆ ಕೊಳೆ ಟ್ಯಾಂಕಿನಲ್ಲಿ ಉಕ್ಕಿ, ಟ್ಯಾಂಕ್ ತುಂಬಿದಾಗ ತೇಲಿ ಗಾಳಿಯ ದಾರಿ ಮುಚ್ಚುವ ಫ್ಲೋಟ್ ಏಳುವ ಮೊದಲೇ ಮೋಟಾರಿಗೆ ಹೋಗುತ್ತದೆ. ಬಟ್ಟೆಯಲ್ಲಿ ಉಳಿದ ಸೋಪು ಅಂಟಂಟಾಗಿ ಧೂಳು ಹಿಡಿಯುತ್ತದೆ, ತೊಳೆದ ಜಾಗವೇ ಎಲ್ಲಕ್ಕಿಂತ ಬೇಗ ಕಪ್ಪಾಗುತ್ತದೆ. ಕಡಿಮೆ ನೊರೆಯ ಎಕ್ಸ್‌ಟ್ರಾಕ್ಟರ್ ಶಾಂಪೂ ತನ್ನಿ, ಬಾಟಲಿಯ ಮೇಲಿನ ಅಳತೆ ಮೀರಬೇಡಿ, ಕೊನೆಯ ಸುತ್ತು ಬರಿ ನೀರಿನಲ್ಲೇ ಮಾಡಿ. ಡ್ರಿಲ್‌ಗೆ ಸಿಕ್ಕಿಸುವ ಬ್ರಷ್‌ಗಳಲ್ಲಿ ಗಡುಸಾದದ್ದು ಸೀಟಿನ ಬಟ್ಟೆಯ ಎಳೆ ಎಬ್ಬಿಸಿ ಜುಂಜು ಮಾಡುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ಸೀಟಿಗೆ ಮೆತ್ತನೆಯ ಕೈ ಬ್ರಷ್ ಸಾಕು.

ಒಂದೇ ಕಾರು ಇರುವವರಿಗೆ ಎಕ್ಸ್‌ಟ್ರಾಕ್ಟರ್ ಬೇಕೇ ಬೇಕೆಂದಿಲ್ಲ. ಒಳ್ಳೆಯ ವೆಟ್ ಅಂಡ್ ಡ್ರೈ ವ್ಯಾಕ್ಯೂಮ್, ಅದಕ್ಕೆ ಹೊಂದುವ ಕಿಟಕಿಯ ನಾಜಲ್, ಒಂದು ಸ್ಪ್ರೇ ಬಾಟಲಿ ಇದ್ದರೆ ನೀರು ಎಷ್ಟು ಬೀಳುತ್ತದೆ ಎಂಬುದು ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ. ಮೊದಲು ಒಣ ವ್ಯಾಕ್ಯೂಮ್ ಮಾಡಿ ಮಣ್ಣು ತೆಗೆಯಿರಿ. ಇದನ್ನು ಬಿಟ್ಟರೆ ಮಣ್ಣು ಕೆಸರಾಗುತ್ತದೆ. ಒದ್ದೆ ಕೆಲಸಕ್ಕೆ ಮುಂಚೆ ಕಾಗದದ ಫಿಲ್ಟರ್ ತೆಗೆದು ಸ್ಪಂಜಿನ ಫಿಲ್ಟರ್ ಹಾಕಿ. ಕಸ ಮಾತ್ರ ಎಳೆಯುವ ಮಾಮೂಲಿ ವ್ಯಾಕ್ಯೂಮ್‌ನಲ್ಲಿ ನೀರು ಎಳೆಯಬೇಡಿ: ಅದರಲ್ಲಿ ಎಳೆದ ಗಾಳಿಯೇ ಮೋಟಾರಿನ ಮೂಲಕ ಹಾದು ಅದನ್ನು ತಣ್ಣಗಿಡುತ್ತದೆ, ಗಾಳಿಯ ಜೊತೆ ನೀರು ಹೋದರೆ ಮೋಟಾರ್ ಸುಡುತ್ತದೆ, ಶಾಕ್ ಕೂಡ ಹೊಡೆಯಬಹುದು. ಯಾವ ಮೆಷಿನ್ ಆದರೂ ಅರ್ತಿಂಗ್ ಇರುವ, 30 ಮಿಲಿಆಂಪಿಯರ್ ಲೀಕೇಜ್ ಟ್ರಿಪ್ (ಕರೆಂಟು ಸೋರಿದೊಡನೆ ತಾನೇ ಆಫ್ ಆಗುವ ಸ್ವಿಚ್) ಇರುವ ಪಾಯಿಂಟ್‌ಗೇ ಹಾಕಿ.

ಈಗಾಗಲೇ ಫೋಮ್ ನೆನೆದಿದ್ದರೆ ಮೇಲಿನಿಂದ ಫ್ಯಾನ್ ಹಾಕಿ ಕಾಯುವುದರಲ್ಲಿ ಅರ್ಥವಿಲ್ಲ, ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯುತ್ತದೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ಆಮೇಲೆ ಸೀಟು ಬಿಚ್ಚಿಸಿ. ಇಗ್ನಿಷನ್ ಆನ್ ಇದ್ದಾಗ ಹಳದಿ ಕನೆಕ್ಟರ್ ಎಳೆಯಬಾರದು. ಕಾರ್ಪೆಟ್ ಎತ್ತಿ ಅಡಿಗೆ ಮರದ ತುಂಡು ಇಟ್ಟು, ಎರಡೂ ಕಡೆಯಿಂದ ಗಾಳಿ ಆಡುವಂತೆ ಬ್ಲೋವರ್ ಹಾಕಿ.

ಸೆಕೆಂಡ್ ಹ್ಯಾಂಡ್ ಮೆಷಿನ್ ನೋಡಲು ಹೋದರೆ ಕೊಳೆ ಟ್ಯಾಂಕಿನ ಮುಚ್ಚಳದ ರಬ್ಬರ್ ಮೊದಲು ನೋಡಿ. ಅದು ಬಿರಿದಿದ್ದರೆ ಎಳೆತ ಅಲ್ಲೇ ಸೋರುತ್ತದೆ, ಮಾರುವವರು ಮೋಟಾರ್ ಸರಿಯಿದೆ ಎಂದರೂ ಪ್ರಯೋಜನವಿಲ್ಲ. ಮೆಷಿನ್ ಚಾಲೂ ಮಾಡಿ ನಾಜಲ್ ಬಾಯಿಗೆ ಅಂಗೈ ಒತ್ತಿ ಹಿಡಿಯಿರಿ. ಮೋಟಾರಿನ ಸದ್ದು ಕೂಡಲೇ ಏರಬೇಕು, ಅಂಗೈ ಕೀಳಲು ಬಲ ಹಾಕಬೇಕು. ಸದ್ದು ಬದಲಾಗದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಆಮೇಲೆ ನೀರು ಬಿಟ್ಟು ಸ್ಪ್ರೇ ಬೀಸಣಿಗೆಯ ಹಾಗೆ ಸಮನಾಗಿ ಹರಡುತ್ತದೆಯೇ ನೋಡಿ. ಒಂದು ಕಡೆ ಗೆರೆಯಾಗಿ ಬಿದ್ದರೆ ತುದಿ ಕಟ್ಟಿದೆ, ಅದನ್ನು ಬದಲಿಸಿದರೆ ಆಯಿತು.