ಶ್ಯೂರ್ ಎಂ44-7: ಬಾಡಿ ಹಳೆಯದಿದ್ದರೆ ಅಡ್ಡಿಯಿಲ್ಲ, ಸೂಜಿ ಮಾತ್ರ ಹೊಸದಿರಲಿ

ಟರ್ನ್‌ಟೇಬಲ್ಲಿನಲ್ಲಿ ಸೂಜಿಯನ್ನು ಹಿಡಿದು, ಅದರ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಬಿಡಿಭಾಗವೇ ಕಾರ್ಟ್ರಿಜ್. ಎಂ44-7 ಅಂಥದೊಂದು. ಅದನ್ನು ಮಾಡುತ್ತಿದ್ದ ಶ್ಯೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಈಗ ಎಂ44-7 ಬೇಕೆಂದರೆ ಹಳೆಯ ಮಾಲೇ ಗತಿ. ಹುಬ್ಬಳ್ಳಿ-ಧಾರವಾಡದಲ್ಲಿ ಬಿಡಿ ಕಾರ್ಟ್ರಿಜ್ ಕೇಳಿಕೊಂಡು ತಿರುಗಿದರೆ ಚಪ್ಪಲಿ ಸವೆಯುವುದಷ್ಟೇ. ಮೋಟಾರು ಕೆಟ್ಟು ಮೂಲೆ ಸೇರಿದ ಟರ್ನ್‌ಟೇಬಲ್ ಇದೆಯೇ ಎಂದು ಕೇಳಿ, ಅದರ ಟೋನ್‌ಆರ್ಮ್ (ಸೂಜಿ ಹೊರುವ ತೋಳು) ತುದಿಯ ಹೆಡ್‌ಶೆಲ್ ನೋಡಿ, ಕಾರ್ಟ್ರಿಜ್ ಕೂರುವುದು ಅಲ್ಲೇ. ಇಲ್ಲವೆಂದರೆ ಮುಂಬಯಿಯ ಹಳೆಯ ಮಾಲಿನ ಪೇಟೆ ಚೋರ್ ಬಜಾರ್. ನಮ್ಮ ಕಡೆ ಹಳೆಯ ಎಚ್‌ಎಂವಿ ಪ್ಲೇಯರುಗಳಲ್ಲಿ ಸಿಗುವುದು ಹೆಚ್ಚಾಗಿ ಕ್ರಿಸ್ಟಲ್ ಅಥವಾ ಸೆರಾಮಿಕ್ ಕಾರ್ಟ್ರಿಜ್. ಕ್ರಿಸ್ಟಲ್ ಎಂದರೆ ಒಳಗಿರುವುದು ರೋಶೆಲ್ ಲವಣ. ಧಾರವಾಡದ ನಾಲ್ಕು ಮಳೆಗಾಲ ಕಂಡರೆ ಸಾಕು, ತೇವ ಹಿಡಿದು ಸತ್ತಿರುತ್ತದೆ.

ಎಂ44ರ ಬಾಡಿ (ಸೂಜಿ ಬಿಟ್ಟು ಉಳಿದ ಭಾಗ) ಹಾಗಲ್ಲ. ಅದರೊಳಗೆ ಸುರುಳಿಗಳು, ಕಬ್ಬಿಣದ ತುಂಡುಗಳು, ಇಷ್ಟೇ. ಅಯಸ್ಕಾಂತ ಇರುವುದು ಸೂಜಿಯ ಜೊತೆ, ಹಾಗಾಗಿ ಸೂಜಿ ಬದಲಿಸಿದರೆ ಅಲುಗಾಡುವ ಭಾಗವೆಲ್ಲ ಹೊಸದಾದಂತೆ. ಕೊಳ್ಳುವಾಗ ಮಲ್ಟಿಮೀಟರ್ ಜೇಬಿನಲ್ಲಿರಲಿ. ಕೆಂಪು-ಹಸಿರು ಪಿನ್‌ಗಳ ನಡುವೆ ಬಲ ಚಾನೆಲ್, ಬಿಳಿ-ನೀಲಿ ನಡುವೆ ಎಡ ಚಾನೆಲ್. ಎರಡೂ ಕಡೆ ಕೆಲವು ನೂರು ಓಮ್ ತೋರಿಸಬೇಕು, ಎರಡೂ ಅಂಕಿ ಹತ್ತಿರ ಹತ್ತಿರ ಇರಬೇಕು. ಒಂದು ಕಡೆ ಓಪನ್ ಬಂದರೆ, ಅಂದರೆ ಒಳಗಿನ ತಂತಿ ಕಡಿದಿದ್ದರೆ, ಬಿಟ್ಟುಬಿಡಿ, ಆ ಸುರುಳಿಯನ್ನು ಯಾರೂ ಸುತ್ತಿಕೊಡುವುದಿಲ್ಲ.

ಸಿಟ್ಟು ಬರುವುದು ಸೂಜಿಯ ವ್ಯಾಪಾರದಲ್ಲಿ. ‘ಒರಿಜಿನಲ್, ಸೀಲ್ ಒಡೆದಿಲ್ಲ’ ಎಂದು ದುಪ್ಪಟ್ಟು ರೊಕ್ಕ ಕೇಳುತ್ತಾರೆ. ಅಂಥದೊಂದು ಸೀಲ್ ಡಬ್ಬಿಯ ಸೂಜಿ ನನ್ನ ಮೇಜಿನ ಮೇಲಿದೆ, ಕೆಲಸಕ್ಕೆ ಬಾರದ್ದು. ಸೂಜಿಯ ತುದಿಯ ವಜ್ರಕ್ಕೆ ವಯಸ್ಸಾಗುವುದಿಲ್ಲ ನಿಜ. ಆದರೆ ಆ ವಜ್ರವನ್ನು ಹೊತ್ತ ಸಣ್ಣ ಕಡ್ಡಿಯನ್ನು ಹಿಡಿದಿರುವ ರಬ್ಬರಿಗೆ ಡಬ್ಬಿಯೊಳಗೂ ವಯಸ್ಸಾಗುತ್ತದೆ. ಅದರಲ್ಲೂ ನಮ್ಮ ಏಪ್ರಿಲ್ ಬಿಸಿಲಿನ ಅಟ್ಟದ ಮೇಲಿದ್ದ ಮಾಲಾದರೆ ಕೇಳುವುದೇ ಬೇಡ. ರಬ್ಬರು ಗಟ್ಟಿಯಾದರೆ ‘ಸ’, ‘ಶ’ ಬಂದಲ್ಲೆಲ್ಲ ಸಿಡಿದಂತೆ ಕೇಳುತ್ತದೆ, ಜೋರು ತಾನ್ ಬಂದಾಗ ಸೂಜಿ ಗೀರಿನಿಂದ ಎಗರುತ್ತದೆ. ಮೆತ್ತಗಾದರೆ ಕಾರ್ಟ್ರಿಜ್‌ನ ಹೊಟ್ಟೆ ರೆಕಾರ್ಡಿಗೆ ತಾಗುತ್ತದೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಮುಂದಿನಿಂದ ನೋಡಿ, ಕಡ್ಡಿ ಒಂದು ಕಡೆ ವಾಲಿದ್ದರೂ ಬೇಡ.

ಹೊಸ ಸೂಜಿಗೆ ಜಪಾನಿನ ಜೀಕೋ ಕಂಪನಿಯೇ ಸರಿ. ಒಂದೇ ಸೂಜಿ ತರಿಸಿದರೆ ಕೊರಿಯರ್, ಸುಂಕ ಸೇರಿ ಭಾರವಾಗುತ್ತದೆ. ಎಲ್‌ಪಿಯದು, 78ರದು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ರೆಕಾರ್ಡುಗಳದು) ಎರಡನ್ನೂ ಕೂಡಿಸಿ ತರಿಸಿ. ಅಗ್ಗದ ಹೆಸರಿಲ್ಲದ ಸೂಜಿಗಳಲ್ಲಿ ತುದಿ ಸೊಟ್ಟಗೆ ಅಂಟಿಸಿದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಇಷ್ಟೆಲ್ಲ ಗುದ್ದಾಟ ಯಾಕೆಂದರೆ 78ರ ರೆಕಾರ್ಡುಗಳಿಗಾಗಿ. ಎಲ್‌ಪಿ ಸೂಜಿಯ ತುದಿ 0.7 ಮಿಲ್ (ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), 78ರದು ಸುಮಾರು 2.5ರಿಂದ 3 ಮಿಲ್. ಸಣ್ಣ ಸೂಜಿ ಅಗಲ ಗೀರಿನ ತಳಕ್ಕೆ ಬಿದ್ದು ಅಲ್ಲಿಯ ಕಸವನ್ನಷ್ಟೇ ನುಡಿಸುತ್ತದೆ. ದಪ್ಪ ಸೂಜಿ ಎಲ್‌ಪಿಯನ್ನು ಹಾಳು ಮಾಡುತ್ತದೆ. ಎಂ44ರಲ್ಲಿ ಸೂಜಿಯ ಹಿಡಿಕೆಯನ್ನು ನೇರ ಮುಂದಕ್ಕೆ ಎಳೆದರೆ ಬಂತು, ಇನ್ನೊಂದನ್ನು ತಳ್ಳಿದರೆ ಕೂತಿತು. 78ರದಕ್ಕೆ ಕೆಂಪು ನೇಲ್‌ಪಾಲಿಶ್‌ನ ಚುಕ್ಕೆ ಇಡಿ. ಸೂಜಿ ರೆಕಾರ್ಡಿನ ಮೇಲೆ ಒತ್ತುವ ಭಾರ ಎರಡಕ್ಕೂ 2.5 ಗ್ರಾಂ. ಟೋನ್‌ಆರ್ಮ್ ಮೇಲಿನ ಅಂಕಿಯನ್ನು ನಂಬದೆ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ.

78ರ ಗೀರು ಅಡ್ಡಡ್ಡವಾಗಿ ಕೊರೆದದ್ದು, ಮೇಲೆ-ಕೆಳಗಿನ ಅಲುಗಾಟವೆಲ್ಲ ಬರೀ ಗದ್ದಲ. ಎರಡೂ ಚಾನೆಲ್ ಕೂಡಿಸಿದರೆ ಆ ಗದ್ದಲ ಅಳಿಯುತ್ತದೆ. ಆಂಪ್ಲಿಫೈಯರಿನಲ್ಲಿ ಮೋನೋ ಸ್ವಿಚ್ ಇದ್ದರೆ ಒತ್ತಿ. ಇಲ್ಲದಿದ್ದರೆ ಟರ್ನ್‌ಟೇಬಲ್ಲಿನ ಎರಡು ತಂತಿಗಳನ್ನು ಒಂದು ವೈ ಕೇಬಲ್‌ನಲ್ಲಿ ಕೂಡಿಸಿ, ಇನ್ನೊಂದರಲ್ಲಿ ಒಡೆದು ಪ್ರಿಆಂಪ್‌ಗೆ (ಕಾರ್ಟ್ರಿಜ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಕೊಡಿ. ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಗಂಗೂಬಾಯಿ ಹಾನಗಲ್ಲರ ಆರಂಭದ ರೆಕಾರ್ಡು ಕೈಗೆ ಸಿಕ್ಕರೆ ಹೀಗೆ ಹಾಕಿ ನೋಡಿ. ಚರಚರ ಹಿಂದೆ ಸರಿದು ಆಗಿನ ಆ ಎಳೆಯ, ಎತ್ತರದ ದನಿ ಮುಂದೆ ಬಂದು ನಿಲ್ಲುತ್ತದೆ. ಮೂರು ನಿಮಿಷದ ಸುಖ, ಆದರೆ ಸೂಜಿಗೆ ಕೊಟ್ಟ ರೊಕ್ಕ ಅಲ್ಲೇ ವಸೂಲು. ಎಂ44-7ರ ಔಟ್‌ಪುಟ್ 9.5 ಮಿಲಿವೋಲ್ಟ್, ಸಾಮಾನ್ಯ ಕಾರ್ಟ್ರಿಜ್‌ನ ಹತ್ತಿರಹತ್ತಿರ ಎರಡು ಪಟ್ಟು. ಅಗ್ಗದ ಪ್ರಿಆಂಪ್‌ನ ಗುಂಯ್ ಸದ್ದು ಅದರ ಕೆಳಗೆ ಮುಚ್ಚಿಹೋಗುತ್ತದೆ.

ಗದಗದ ಗಾಳಿಯ ಧೂಳಿರಲಿ, ಇಲ್ಲಿಯ ಎರೆಮಣ್ಣಿನ ಪುಡಿಯಿರಲಿ, ಪ್ರತಿ ಬದಿ ಮುಗಿದ ಮೇಲೆ ಸೂಜಿಗೆ ಒಣ ಬ್ರಶ್ ಬೇಕೇ ಬೇಕು. ಯಾವಾಗಲೂ ಹಿಂದಿನಿಂದ ಮುಂದಕ್ಕೆ, ಅಡ್ಡ ಎಳೆಯಲೇಬಾರದು. ಎಲ್‌ಪಿ ತೊಳೆಯುವ ಆಲ್ಕೋಹಾಲ್ ದ್ರಾವಣವನ್ನು 78ರ ಮೇಲೆ ಹಾಕಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಲೇಬಲ್ ತೋಯಿಸದೆ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ನುಡಿಸಿ.

ಬರೀ ಎಲ್‌ಪಿ ಕೇಳುವವರಿಗೆ ಈ ತಾಪತ್ರಯ ಬೇಡ. ಆಡಿಯೊ-ಟೆಕ್ನಿಕಾದ ವಿಎಂ95 ಕಾರ್ಟ್ರಿಜ್ ಹೊಸದೇ ಸಿಗುತ್ತದೆ, ಬಿಲ್ಲು ವಾರಂಟಿ ಸಮೇತ. ಅದಕ್ಕೂ 78ರ ಸೂಜಿ ಇದೆ, ಆದರೆ 5 ಗ್ರಾಂ ಭಾರ ಕೇಳುತ್ತದೆ. ಅಪರೂಪದ ರೆಕಾರ್ಡಿನ ಮೇಲೆ ಅಷ್ಟು ಹೇರಲು ನನಗಂತೂ ಮನಸ್ಸಿಲ್ಲ.